ಪೆನ್ನಿನ ಎರಡು ಸದ್ದು

"ಇನ್ನೊಂದ್ಸಲ ಕೇಳೋಣ," ಎಂದ ಇಮೊಜೆನ್ ಹ್ಯಾಲಮ್ ಯಾರ ಉತ್ತರಕ್ಕೂ ಕಾಯದೆ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು.

ಪಂಪಿನ ಗುರುಗುಡುವ ಸದ್ದು ಆ ಸಣ್ಣ ಕೋಣೆಯನ್ನು ತುಂಬಿತು. ಯಾರೋ ಮೂಗೆಳೆದುಕೊಂಡರು. ಬೂಟಿನ ಅಟ್ಟೆ ಸಿಮೆಂಟಿನ ಮೇಲೆ ಉಜ್ಜಿತು. ಆಮೇಲೆ, ತೀರ ಹತ್ತಿರದಲ್ಲಿ, ಟಕ್ ಟಕ್. ಒಂದೆರಡು ಉಸಿರಿನಷ್ಟು ಹೊತ್ತು ಪಂಪಿನ ಸದ್ದೊಂದೇ. ಮತ್ತೆ ಹಿತ್ತಾಳೆಯ ವಾಲ್ವು ಕಿರ್ರೆಂದು ತಿರುಗಿತು. ಪಂಪು ನಿಂತಿತು.

ನೆವಿಲ್ ಮಾಲ್ಟ್‌ಬಿ ತನ್ನ ಅಂಗಿಯ ಜೇಬಿನ ಕಡೆ ನೋಡಲಿಲ್ಲ. ನೋಡಬಾರದೆಂದು ಕುತ್ತಿಗೆ ಬಿಗಿಹಿಡಿದು ಕೂತಿದ್ದ. ಜೇಬಿನಲ್ಲಿ ಒಂದು ಸ್ಟೀಲ್ ಪೆನ್ನಿತ್ತು. ಮೂವತ್ತೊಂಬತ್ತು ವರ್ಷ ಗ್ರಿಮ್ಸ್‌ಬಿ ಬಂದರಿನ ಶೀತಲ ಗೃಹಗಳ ಯಂತ್ರಗಳನ್ನು ನೋಡಿಕೊಂಡು ನಿವೃತ್ತನಾದಾಗ ಕಂಪನಿಯವರು ಕೊಟ್ಟದ್ದು. ಕಳೆದ ಆರು ವರ್ಷಗಳಿಂದ, ಈ ಪರೀಕ್ಷಾ ಸಂಸ್ಥೆಯ ಪರೀಕ್ಷಕನಾಗಿ, ಫ್ರಿಜ್ ಮೆಕ್ಯಾನಿಕ್ ಅಪ್ರೆಂಟಿಸ್‌ಗಳ ಕೊನೆಯ ಪರೀಕ್ಷೆಯ ಹಾಳೆಗಳನ್ನು ಅವನು ತುಂಬುತ್ತಿದ್ದುದು ಅದೇ ಪೆನ್ನಿನಲ್ಲಿ. ಪಾಸು, ಇಲ್ಲವೇ ಫೇಲು.

"ಇದು ಹನ್ನೊಂದನೇ ರೆಕಾರ್ಡಿಂಗು," ಎಂದಳು ಇಮೊಜೆನ್. ಇಂಥ ಪರೀಕ್ಷಾ ಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಿಂದ ಬಂದವಳು. ನಲವತ್ತರ ಆಸುಪಾಸು, ಕೈಯಲ್ಲಿ ಗ್ರಾಫ್ ಹಾಳೆಯ ಪುಸ್ತಕ. "ನೀವು ನಡೆಸಿದ ಪರೀಕ್ಷೆಗಳಲ್ಲಿ ನಲವತ್ಮೂರು ಕೇಳಿದೆ. ಹದಿನಾಲ್ಕರಲ್ಲಿ ಈ ಸದ್ದಿದೆ. ಬೇರೆ ಪರೀಕ್ಷಕರವು ಹತ್ತು ಕೇಳಿದೆ. ಅವುಗಳಲ್ಲಿ ಇಲ್ಲ."

ಸಂಸ್ಥೆಯ ಮುಖ್ಯಸ್ಥ ಡಂಕನ್ ಕಟ್‌ಫೋರ್ತ್ ಜೋರಾಗಿ ನಕ್ಕ. "ಅಯ್ಯೋ, ಅದು ನಮ್ಮ ನೆವ್‌ನ ಕೈಚಟ, ಇಮೊಜೆನ್! ಇವನ ಪಕ್ಕ ಸಿನಿಮಾ ನೋಡೋಕೆ ಕೂತಿದೀರಾ ಯಾವತ್ತಾದ್ರೂ? ಕುರ್ಚಿ ಕೈನೆಲ್ಲಾ ತಬಲಾ ಮಾಡ್ಕೋತಾನೆ."

"ಇರಬಹುದು," ಎಂದ ಇಮೊಜೆನ್ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿದಳು. ಪೆನ್ಸಿಲಿನಲ್ಲಿ ಗುರುತಿಸಿದ ಚುಕ್ಕೆಗಳು ಹಾಳೆಯ ತಳದಲ್ಲಿ ಒಂದೇ ಸಾಲಿಗೆ ಹತ್ತಿಕೊಂಡಂತೆ ನಿಂತಿದ್ದವು. "ಇದು ಸದ್ದಾದ ಮೇಲೆ ಅಭ್ಯರ್ಥಿ ವಾಲ್ವ್ ಮುಟ್ಟೋಕೆ ಎಷ್ಟು ಸೆಕೆಂಡು ತಗೊಂಡ ಅನ್ನೋದು. ಎರಡು, ಮೂರು, ಎರಡು, ನಾಲ್ಕು. ಕೈಚಟಕ್ಕೆ ಇಷ್ಟು ಶಿಸ್ತಿರುತ್ತಾ ಅಂತ ನನಗೆ ಅನುಮಾನ. ಆದರೆ ಅನುಮಾನ ಪುರಾವೆ ಅಲ್ಲ." ಸಾಲಿನ ಕೊನೆಗೆ ಚುಕ್ಕೆಯ ಬದಲು ಒಂದು ಸಣ್ಣ ಗುಣಾಕಾರದ ಗುರುತಿತ್ತು. ಆಕೆ ಅದರ ಮೇಲೆ ಬೆರಳಿಟ್ಟಳು. "ಇವರೊಬ್ಬರು ಮಾತ್ರ ವಾಲ್ವ್ ಮುಟ್ಟಲೇ ಇಲ್ಲ."

ಅದು ಯಾರೆಂದು ನೆವಿಲ್ ಕೇಳಲಿಲ್ಲ. ಕೇಳಬೇಕಾದ ಅಗತ್ಯವಿರಲಿಲ್ಲ.

ಪರೀಕ್ಷೆಯ ಆ ಹಂತವನ್ನು ಅವನು ಕಣ್ಮುಚ್ಚಿಕೊಂಡು ವಿವರಿಸಬಲ್ಲ. ಹೊಸ ಪೈಪುಗಳೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ನಿರ್ವಾತ ಮಾಡಬೇಕು. ಆಮೇಲೆ ಪಂಪಿನ ಕಡೆಯ ವಾಲ್ವು ಮುಚ್ಚಿ, ಪಂಪು ಆರಿಸಿ, ಹದಿನೈದು ನಿಮಿಷ ಸುಮ್ಮನೆ ಕಾಯಬೇಕು. ಗೇಜಿನ ಮುಳ್ಳು ಅಲುಗದಿದ್ದರೆ ಪೈಪು ಸೋರುತ್ತಿಲ್ಲವೆಂದು ಅರ್ಥ. ವಾಲ್ವು ಮುಚ್ಚದೆ, ಪಂಪು ಓಡುತ್ತಿರುವಾಗಲೇ ಮುಳ್ಳು ನೋಡಿ ಬರೆದುಕೊಂಡರೆ ಆ ಅಳತೆಗೆ ಬೆಲೆಯಿಲ್ಲ; ಸೋರಿ ಒಳಬಂದ ಗಾಳಿಯನ್ನು ಪಂಪು ಬಂದ ಹಾಗೇ ಎಳೆದು ಹಾಕುತ್ತಿರುತ್ತದೆ. ಗೊತ್ತಿರುವ ಹುಡುಗರೂ ಗಾಬರಿಯಲ್ಲಿ ಇದನ್ನೇ ತಪ್ಪುತ್ತಾರೆ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲು.

"ಔಶ್ರಾ ಪೆಟ್ಕುಟೆ ಅವರ ದೂರು ನಿಮಗೆ ಗೊತ್ತಿದೆ," ಎಂದಳು ಇಮೊಜೆನ್. "ಮೊದಲು ನಿಮಗೇ ಬರೆದಿದ್ದರು. ಪರೀಕ್ಷಕರು ಪೆನ್ನಿನಿಂದ ಸದ್ದು ಮಾಡಿದರು, ಅದು ನನಗೆ ಹೇಳಿದ್ದಾ ಅಂತ ಕೇಳಿದೆ, ಅಲ್ಲ ಅಂದರು ಅಂತ. ನೀವು ಎರಡು ಸಾಲಿನ ಉತ್ತರ ಕೊಟ್ಟಿದ್ದೀರಿ." ಆಕೆ ಕಾಗದ ತೆಗೆದು ಓದಿದಳು. "'ಪರೀಕ್ಷೆಯ ವೇಳೆ ನಾನು ಯಾವುದೇ ಸೂಚನೆಯನ್ನಾಗಲಿ ಸಂಕೇತವನ್ನಾಗಲಿ ಕೊಟ್ಟಿರುವುದಿಲ್ಲ.' ಇದು ನಿಮ್ಮ ಸಹಿ ತಾನೆ, ನೆವಿಲ್?"

"ಹೌದು."

"ಫೇಲಾದ ಮೇಲೆ ಅವರ ಕಂಪನಿ ಅವರನ್ನ ಮತ್ತೆ ಮೀನು ಕೊಯ್ಯೋ ಸಾಲಿಗೆ ಹಾಕಿದೆ. ಆ ಪರೀಕ್ಷೆ ನ್ಯಾಯವಾಗಿ ನಡೀಲಿಲ್ಲ ಅಂತಾದರೆ ಫಲಿತಾಂಶ ರದ್ದಾಗುತ್ತೆ, ಹೊಸ ಪರೀಕ್ಷೆ ಸಿಗುತ್ತೆ. ಜುಲೈವರೆಗೂ ಮೆಕ್ಯಾನಿಕ್ ಜಾಗ ಖಾಲಿ ಇಟ್ಟಿರ್ತೀವಿ ಅಂದಿದ್ದಾರೆ. ಅದು ಬರೀ ಕೈಚಟ ಅಂತ ನೀವು ಹೇಳಿದರೆ, ಇರೋ ಪುರಾವೆಯಲ್ಲಿ ನಾನು ಫೈಲ್ ಮುಚ್ಚಬೇಕಾಗುತ್ತೆ." ಆಕೆ ಲ್ಯಾಪ್‌ಟಾಪನ್ನು ಅವನ ಮುಂದೆ ಸರಿಸಿದಳು. "ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಹೇಳಿಕೆ ತಗೋತೀನಿ. ಅಷ್ಟರಲ್ಲಿ ನೀವೂ ಇವನ್ನ ಒಂದ್ಸಲ ಕೇಳಿ."

*

ಡಂಕನ್ ಅವನನ್ನು ಗಾಳಿ ಕುಡಿಯುವ ನೆಪದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋದ. ಡಾಕಿನ ಕಡೆಯಿಂದ ಹೊಗೆಯಲ್ಲಿ ಒಣಗಿಸುವ ಹ್ಯಾಡಕ್ ಮೀನಿನ ವಾಸನೆ ಬರುತ್ತಿತ್ತು. ಡಂಕನ್‌ನ ಕಾರಿನ ಮೇಲೆ ಕೂತಿದ್ದ ಕಡಲಹಕ್ಕಿ ಇವರನ್ನು ಕಂಡೂ ಕದಲಲಿಲ್ಲ.

"ನೋಡು ನೆವ್, ನಾನು ಸುಳ್ಳು ಹೇಳು ಅಂತಿಲ್ಲ," ಎಂದ ಡಂಕನ್. "ಕೈಚಟ ಅನ್ನೋದು ಸುಳ್ಳೇನಲ್ಲವಲ್ಲ? ನೀನು ತಟ್ತೀಯ. ಯಾವಾಗ್ಲೂ ತಟ್ತೀಯ. ಅಷ್ಟು ಹೇಳು ಸಾಕು."

"ಆ ಹೆಂಗಸಿಗೆ ಎಲ್ಲಾ ಗೊತ್ತಾಗಿದೆ ಡಂಕನ್."

"ಗೊತ್ತಾಗೋದು ಬೇರೆ, ನಿನ್ನ ಬಾಯಿಂದ ಬರೋದು ಬೇರೆ ಕಣಯ್ಯಾ. ನೀನು ಬಾಯಿ ಬಿಟ್ಟೆ ಅಂತಿಟ್ಕೋ, ಹದಿಮೂರು ಹುಡುಗರ ಸರ್ಟಿಫಿಕೇಟು ವಾಪಸ್. ನಮ್ಮ ಮಾನ್ಯತೆ ಹೋಯ್ತು. ಹನ್ನೊಂದು ಜನ ಪರೀಕ್ಷಕರು ಮನೇಲಿ. ಒಬ್ಬಳಿಗೋಸ್ಕರ? ಅವಳೇನು ಕೆಟ್ಟ ಕೆಲಸದವಳು ಅಂತಲ್ಲ. ಇನ್ನೊಂದು ವರ್ಷ ಬಿಟ್ಟು ಬರೆದರೆ ತಾನೇ ಪಾಸಾಗ್ತಾಳೆ." ಅವನು ದನಿ ತಗ್ಗಿಸಿದ. "ಆ ಹದಿಮೂರರಲ್ಲಿ ವಿಲ್ಫ್‌ನ ಮೊಮ್ಮಗನೂ ಇದಾನೆ. ಮರೀಬೇಡ."

ವಿಲ್ಫ್ ಸೋವರ್ಬಿಯನ್ನು ಮರೆಯುವುದುಂಟೆ. ನಲವತ್ತೈದು ವರ್ಷಗಳ ಹಿಂದೆ ನೆವಿಲ್‌ಗೆ, ಆಮೇಲೆ ಡಂಕನ್‌ಗೆ, ಕೆಲಸ ಕಲಿಸಿದವನು ಅವನೇ. ಮೈನಸ್ ಇಪ್ಪತ್ತೆಂಟರ ಕೋಣೆಯಲ್ಲಿ ಮನುಷ್ಯನೆತ್ತರದ ಫ್ಯಾನುಗಳು ಅಬ್ಬರಿಸುತ್ತಿರುವಾಗ, ಕಿವಿಯ ಮೇಲೆ ಗವುಸು ಹಾಕಿಕೊಂಡವನಿಗೆ ಮಾತು ಕೇಳಿಸುವುದಿಲ್ಲ. ಅದಕ್ಕೆ ವಿಲ್ಫ್ ಸ್ಪ್ಯಾನರಿನಿಂದ ಪೈಪಿಗೆ ಎರಡು ಸಲ ಬಡಿಯುತ್ತಿದ್ದ. ಆ ಸದ್ದು ಕಿವಿಗಲ್ಲ, ಪೈಪು ಹಿಡಿದ ಕೈಗೆ ತಲುಪುತ್ತಿತ್ತು. ಎಲ್ಲಿದ್ದೀಯೋ ಅಲ್ಲೇ ನಿಲ್ಲು, ನಿನ್ನ ಕೈ ಏನು ಮಾಡುತ್ತಿದೆ ನೋಡು, ಎಂದರ್ಥ. ಒಂದು ಸಲ ಶುಕ್ರವಾರದ ಸಂಜೆ ಪಬ್ಬಿನಲ್ಲಿ ಯಾರೋ ಹೊಸಬ ನಾಣ್ಯದಿಂದ ಮೇಜಿಗೆ ಟಕ್ ಟಕ್ ಎನ್ನಿಸಿದಾಗ ನಾಲ್ಕು ಜನ ಮೆಕ್ಯಾನಿಕರ ಕೈಗಳು ಬಿಯರು ಲೋಟ ಬಿಟ್ಟು ಮೇಲೆದ್ದಿದ್ದವು. ವಿಲ್ಫ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. "ಪಂಪು ಓಡ್ತಿರೋವರೆಗೂ ಎಲ್ಲಾ ಪೈಪೂ ಸಾಚಾನೇ ಕಣ್ರೋ," ಎನ್ನುತ್ತಿದ್ದವನೂ ಅವನೇ. "ಪಂಪು ನಿಲ್ಸಿ ನೋಡಿ. ಆಗ ಗೊತ್ತಾಗುತ್ತೆ ಯಾವನ ಕೆಲಸ ಎಂಥದು ಅಂತ."

ಪರೀಕ್ಷಕನಾದ ಮೊದಲ ವರ್ಷ ನೆವಿಲ್ ತುಟಿ ಬಿಚ್ಚುತ್ತಿರಲಿಲ್ಲ. ಪರೀಕ್ಷಕ ಮಾತಾಡಬಾರದು, ಮುಖದಲ್ಲೂ ಏನೂ ತೋರಿಸಬಾರದು. ನಿಯಮದ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಅವನೇ ಗೆರೆ ಎಳೆದಿದ್ದ. ಎರಡನೇ ವರ್ಷ ಒಬ್ಬ ಹುಡುಗ ವಾಲ್ವು ಮುಚ್ಚದೆ ಹಾಳೆಯ ಕಡೆ ಕೈಚಾಚಿದಾಗ, ನೆವಿಲ್‌ನ ಪೆನ್ನು ತಾನಾಗಿಯೇ ಹಾಳೆ ಸಿಕ್ಕಿಸಿದ ರಟ್ಟಿನ ಮೇಲೆ ಎರಡು ಸಲ ಬಿದ್ದಿತ್ತು. ಹುಡುಗನ ಕೈ ನಿಂತಿತು. ಅವನು ತಿರುಗಿಯೂ ನೋಡದೆ ವಾಲ್ವು ಮುಚ್ಚಿದ. ಅದು ತಾನಾಗಿಯೇ ಆದದ್ದು ನಿಜ. ಅಂದು ಸಂಜೆ ಮನೆಗೆ ಹೋಗುವಾಗ ನೆವಿಲ್ ಅದರ ಬಗ್ಗೆ ಯೋಚಿಸದೆ ಇದ್ದದ್ದು ಮಾತ್ರ ತಾನಾಗಿ ಆದದ್ದಲ್ಲ. ರೇಡಿಯೋ ಹಾಕಿಕೊಂಡಿದ್ದ.

*

ಮಧ್ಯಾಹ್ನವೆಲ್ಲ ಅವನು ಆ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತ. ಹುಡುಗರನ್ನು ಅವರ ಮೂಗಿನ ಸದ್ದಿನಿಂದಲೇ ಗುರುತಿಸಿದ. ಟಕ್ ಟಕ್, ವಾಲ್ವು. ಟಕ್ ಟಕ್, ಒಬ್ಬ ಸಣ್ಣಗೆ ನಗುತ್ತಾನೆ, ವಾಲ್ವು. ಆ ನಗು ಅವನಿಗೆ ಆವತ್ತು ಕೇಳಿಸಿರಲಿಲ್ಲ. ಅಥವಾ ಕೇಳಿಸಿರಬೇಕು.

ಕೊನೆಯದು ಔಶ್ರಾಳದು. ಕ್ಯಾಮೆರಾ ಅಭ್ಯರ್ಥಿಯ ಕೈಗಳನ್ನಷ್ಟೇ ತೋರಿಸುತ್ತದೆ. ಅವಳ ಕೈಗಳ ಮೇಲೆ ಮೀನು ಕೊಯ್ಯುವ ಚಾಕುವಿನ ಹಳೆಯ ಬಿಳಿ ಗೀರುಗಳಿದ್ದವು. ಎರಡು ವರ್ಷ ಕಾರ್ಖಾನೆಯ ಸಾಲಿನಲ್ಲಿ ನಿಂತು, ಇಪ್ಪತ್ತೊಂಬತ್ತನೇ ವಯಸ್ಸಿಗೆ ಅಪ್ರೆಂಟಿಸ್ ಆಗಿ ಸೇರಿದ ಲಿಥುವೇನಿಯಾದವಳು. ಪೈಪಿನ ಬೆಸುಗೆಗಳು ನೆವಿಲ್‌ಗೆ ಈಗಲೂ ಅಸೂಯೆ ಹುಟ್ಟಿಸುವಷ್ಟು ಚೊಕ್ಕವಾಗಿದ್ದವು. ಪಂಪು ಓಡಿತು. ಮುಳ್ಳು ಇಳಿಯಿತು. ಅವಳ ಕೈ ವಾಲ್ವಿನ ಕಡೆ ಹೊರಟು, ಅರ್ಧದಲ್ಲಿ ನಿಂತು, ಗೇಜನ್ನು ಒರೆಸಿ, ಪೆನ್ಸಿಲ್ ಎತ್ತಿಕೊಂಡಿತು.

ಟಕ್ ಟಕ್.

ಕೈ ನಿಂತಿತು. "ನನಗೆ ಏನಾದ್ರೂ ಹೇಳಿದ್ರಾ?" ಎಂದು ಔಶ್ರಾಳ ಧ್ವನಿ ಕೇಳಿತು. ಅದರಲ್ಲಿ ಜಾಣತನವಿರಲಿಲ್ಲ. ಗೊತ್ತಿಲ್ಲದ ಊರಿನಲ್ಲಿ ದಾರಿ ಕೇಳುವವರ ಹಾಗೆ ಕೇಳಿದ್ದಳು.

ಆಮೇಲೆ ಒಂದು ಮೌನ. ನೆವಿಲ್ ಕೈಗಡಿಯಾರ ನೋಡಿಕೊಂಡು ಎಣಿಸಿದ. ಆರು ಸೆಕೆಂಡು.

"ಇಲ್ಲ," ಎಂದಿತು ಅವನದೇ ಧ್ವನಿ. "ಏನಿಲ್ಲ. ನಿಮ್ಮ ಕೆಲಸ ನೋಡಿ."

"ಸರಿ. ಸಾರಿ." ಪೆನ್ಸಿಲು ಹಾಳೆಯ ಮೇಲೆ ಅಳತೆ ಬರೆಯಿತು. ಪಂಪು ಓಡುತ್ತಲೇ ಇತ್ತು.

ಅವನು ಹಿಂದಕ್ಕೆ ಹೋಗಿ ಮತ್ತೆ ಕೇಳಿದ. 'ಏನಿಲ್ಲ' ಎಂದ ಧ್ವನಿ ಸಿಟ್ಟಿನದಾಗಿತ್ತು. ಯಾರ ಮೇಲೆ? ಹದಿಮೂರು ಜನ ಬಾಯಿ ಮುಚ್ಚಿಕೊಂಡು ತೆಗೆದುಕೊಂಡದ್ದನ್ನು ಇವಳು ಬಾಯಿ ಬಿಟ್ಟು ಕೇಳಿದ್ದಳು, ಮೈಕಿನ ಮುಂದೆ. ಪರೀಕ್ಷೆ ಮುಗಿದ ಮೇಲೆ ಬರೆದ ಹಾಳೆಯೂ ಫೈಲಿನಲ್ಲಿತ್ತು. ಷರಾ ಎಂಬಲ್ಲಿ ಅವನದೇ ಅಕ್ಷರ, ಉಳಿದ ಹಾಳೆಗಳಿಗಿಂತ ಒತ್ತಿ ಬರೆದದ್ದು: 'ಅಭ್ಯರ್ಥಿಗೆ ನಿಂತು ಪರಿಶೀಲಿಸುವ ಅಭ್ಯಾಸವಿಲ್ಲ.' ಕಾಗದ ತಿರುಗಿಸಿದರೆ ಹಿಂಬದಿಯಲ್ಲಿ ಆ ಸಾಲು ಬೆರಳಿಗೆ ತಟ್ಟುತ್ತಿತ್ತು.

*

ಐದು ಗಂಟೆಗೆ ಮೀನು-ಚಿಪ್ಸ್ ಅಂಗಡಿಯ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು.

"ನೆವ್ ಅಂಕಲ್! ಏನ್ ಮುಖ ಇದು, ನಿನ್ನೆ ಹಿಡಿದ ಮೀನಿನ ಥರ?"

ಜೋಯಲ್. ವಿಲ್ಫ್‌ನ ಮೊಮ್ಮಗ. ಇಪ್ಪತ್ತೆರಡು ವರ್ಷ, ಅಜ್ಜನದೇ ಅಗಲ ಕಿವಿಗಳು, ಎದೆಯ ಮೇಲೆ ಆಸ್ಪತ್ರೆಯ ಬಿಲ್ಲೆ. ಪಾಸಾದ ತಿಂಗಳಿಗೇ ಅಲ್ಲಿ ಕೆಲಸ ಸಿಕ್ಕಿತ್ತು.

"ಹೇಗಿದೆಯಪ್ಪಾ ಕೆಲಸ?"

"ಸಖತ್ತಾಗಿದೆ. ರಕ್ತ ಇಡೋ ಫ್ರಿಜ್ಜು, ಔಷಧಿ ಫ್ರಿಜ್ಜು, ಹೆಣದ ಕೋಣೆ, ಎಲ್ಲಾ ನಂದೇ ಸಾಮ್ರಾಜ್ಯ. ಹೆಣಗಳು ಮಾತ್ರ ಕಂಪ್ಲೇಂಟ್ ಮಾಡಲ್ಲ." ತನ್ನ ಮಾತಿಗೆ ತಾನೇ ನಕ್ಕು, ಜೋಯಲ್ ಕಿವಿಯ ಹತ್ತಿರ ಬಾಗಿದ. "ನಿಜ ಹೇಳ್ಬೇಕಂದ್ರೆ ಎಲ್ಲಾ ನಿಮ್ ಪುಣ್ಯ. ಆವತ್ತು ನೀವು ಟಕ್ ಟಕ್ ಅನ್ನದಿದ್ರೆ ನಾನು ಇವತ್ತು ಡಾಕಲ್ಲಿ ಬಾಕ್ಸ್ ತೊಳೀತಿದ್ದೆ."

ನೆವಿಲ್ ಮುಂದೆ ನಿಂತವರ ಬೆನ್ನು ನೋಡಿದ. ಯಾರೂ ತಿರುಗಲಿಲ್ಲ.

"ಈಗ ವಾಲ್ವ್ ಮುಚ್ತೀಯ ತಾನೆ ಜೋಯಲ್? ನೆನಪಿರುತ್ತಾ?"

"ಇರುತ್ತೆ, ಇರುತ್ತೆ. ಬಹಳಷ್ಟು ಸಲ ಇರುತ್ತೆ." ಹುಡುಗ ಕಣ್ಣು ಮಿಟುಕಿಸಿದ. "ನೀವು ಪಕ್ಕದಲ್ಲಿರಲ್ವಲ್ಲ, ತಟ್ಟೋಕೆ!"

ಎಣ್ಣೆಗೆ ಬಿದ್ದ ಮೀನು ಚರ್ರೆಂದಿತು. ನೆವಿಲ್ ಅವನ ಕಡೆ ತಿರುಗಿದ. "ನಾನು ತಟ್ಟೋದು ನಿನಗೆ ಮೊದಲೇ ಗೊತ್ತಿತ್ತಾ?"

"ಅಯ್ಯೋ, ನಮ್ ಬ್ಯಾಚಲ್ಲಿ ಗೊತ್ತಿಲ್ಲದೋರು ಯಾರು? ಪರೀಕ್ಷೆಗೆ ಮಾಲ್ಟ್‌ಬಿ ಬಂದ್ರೆ ಪುಸ್ತಕ ಓದ್ಬೇಡಿ, ಕಿವಿ ತೊಳ್ಕೊಂಡು ಬನ್ನಿ ಅಂತ ನಮ್ ಸೀನಿಯರ್‌ಗಳೇ ಹೇಳಿದ್ರು. ಕ್ಯಾಂಟೀನಲ್ಲಿ ಚಮಚ ತಟ್ಟಿ ಪ್ರಾಕ್ಟೀಸ್ ಮಾಡ್ತಿದ್ವಿ. ಎಲ್ರಿಗೂ ಗೊತ್ತಿತ್ತು." ಜೋಯಲ್ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ. "ಔಶ್ರಾ ಒಬ್ಬಳು ಬಿಟ್ಟು."

"ಅವಳಿಗೆ ಯಾಕೆ ಹೇಳಲಿಲ್ಲ?"

"ಯಾರು ಹೇಳ್ತಾರೆ? ಅವಳು ಊಟಕ್ಕೆ ಅವಳ ಕಾರಲ್ಲೇ ಕೂತಿರ್ತಿದ್ಳು."

"ಯಾಕೆ?"

ಹುಡುಗ ಗಾಜಿನ ಹಿಂದಿದ್ದ ಮೀನುಗಳನ್ನು ನೋಡಿದ. "ನಮ್ ಟೇಬಲ್ಲಲ್ಲಿ ಜಾಗ ಇರ್ತಿರಲಿಲ್ಲ." ಸ್ವಲ್ಪ ಹೊತ್ತಿನ ಮೇಲೆ ಅಂದ, "ಇರ್ತಿತ್ತು ಅನ್ನಿ. ಯಾರೂ ಕರೀತಿರಲಿಲ್ಲ." ಇನ್ನೂ ಸ್ವಲ್ಪ ಹೊತ್ತಿನ ಮೇಲೆ, ಕೇಳದಿದ್ದರೂ ಅಂದ: "ವೈರಿಂಗ್ ನಕ್ಷೆ ಓದೋದು ನಂಗೆ ಹೇಳ್ಕೊಟ್ಟಿದ್ದು ಅವಳೇ."

ಸರದಿ ಬಂದಾಗ ನೆವಿಲ್ ಏನು ಬೇಕೆಂದು ಹೇಳಲು ತಡವರಿಸಿದ. ಅಂಗಡಿಯಾಕೆ ಮೂವತ್ತು ವರ್ಷದ ಪರಿಚಯದಲ್ಲಿ ತಾನೇ ಹ್ಯಾಡಕ್, ಚಿಪ್ಸು, ಬಟಾಣಿ ಕಟ್ಟಿ ವಿನೆಗರ್ ಹಾಕಿಕೊಟ್ಟಳು. ಅವನು ಕಾರಿನಲ್ಲಿ ಕೂತು ಪೊಟ್ಟಣ ಬಿಚ್ಚಿದ. ಎರಡು ತುತ್ತು ತಿಂದ ಮೇಲೆ ತಾನು ಊಟಕ್ಕೆ ಕೂತಿರುವುದು ಕಾರಿನಲ್ಲಿ ಎಂಬುದು ಹೊಳೆಯಿತು. ಗಾಜುಗಳು ಆವಿ ಹಿಡಿಯುತ್ತಿದ್ದವು. ಆಚೆ ಹೋಗುವವರ ಮುಖ ಕಾಣಿಸುತ್ತಿರಲಿಲ್ಲ, ಅವರಿಗೆ ಇವನದು ಕಾಣಿಸುತ್ತಿರಲಿಲ್ಲ. ಅಪ್ರೆಂಟಿಸ್ ಆಗಿದ್ದ ಮೂರು ವರ್ಷವೂ ಔಶ್ರಾ ಹೀಗೆ. ಅವನು ಪೊಟ್ಟಣವನ್ನು ಮತ್ತೆ ಮಡಚಿ, ಪಕ್ಕದ ಸೀಟಿನ ಮೇಲಿಟ್ಟ.

*

ಮರುದಿನ ಹತ್ತಕ್ಕೆ ಐದು ನಿಮಿಷ ಮುಂಚೆಯೇ ನೆವಿಲ್ ಬಂದ. ಇಮೊಜೆನ್ ಮೇಜಿನ ಮಧ್ಯೆ ಸಣ್ಣ ರೆಕಾರ್ಡರ್ ಇಟ್ಟು, ಅದರ ಕೆಂಪು ದೀಪ ಹೊತ್ತಿದ್ದನ್ನು ನೋಡಿ, ದಿನಾಂಕ ಹೇಳಿದಳು. ಸಂಸ್ಥೆಯ ಜವಾಬ್ದಾರಿ ನನ್ನದು, ಹೇಳಿಕೆ ಕೊಡುವಾಗ ನಾನೂ ಇರಬೇಕು ಎಂದು ಹಟ ಹಿಡಿದಿದ್ದ ಡಂಕನ್, ಟೀ ತಟ್ಟೆ ಹಿಡಿದು ಒಳಗೆ ಬಂದು ಬದಿಯ ಮೇಜಿನ ಹತ್ತಿರ ನಿಂತ. ಹೊಸ ಬಿಸ್ಕತ್ತಿನ ಪೊಟ್ಟಣವನ್ನೂ ತಂದಿದ್ದ.

"ಆ ಸದ್ದಿನ ಬಗ್ಗೆ ಹೇಳ್ತೀರಾ?" ಎಂದಳು ಇಮೊಜೆನ್.

"ಅದು ಕೈಚಟ ಅಲ್ಲ," ಎಂದ ನೆವಿಲ್.

ಡಂಕನ್ ಚಮಚ ಕೆಳಗಿಟ್ಟ.

ನೆವಿಲ್ ಎಲ್ಲವನ್ನೂ ಹೇಳಿದ. ಕೋಲ್ಡ್ ಸ್ಟೋರೇಜಿನ ಪೈಪು, ಸ್ಪ್ಯಾನರು, ಎರಡನೇ ವರ್ಷದ ಆ ಹುಡುಗ. ಹದಿಮೂರು ಜನರ ಹೆಸರನ್ನು ಒಂದೊಂದಾಗಿ ಹೇಳಿದ. ಜೋಯಲ್ ಸೋವರ್ಬಿಯ ಹೆಸರನ್ನೂ ಹೇಳಿದ. ಆಸ್ಪತ್ರೆಯವರಿಗೆ ಮೊದಲು ತಿಳಿಸಿ, ಅಲ್ಲಿಯ ಫ್ರಿಜ್ಜುಗಳನ್ನು ಯಾರಾದರೂ ಇನ್ನೊಮ್ಮೆ ನೋಡಲಿ ಎಂದ. ಇಮೊಜೆನ್ ತಲೆಯೆತ್ತದೆ ಬರೆದುಕೊಂಡಳು.

"ಔಶ್ರಾ ಪೆಟ್ಕುಟೆ?"

"ಅವರಿಗೂ ತಟ್ಟಿದೆ. ಅವರಿಗೆ ಅರ್ಥ ಆಗಲಿಲ್ಲ. ನನಗೆ ಹೇಳಿದ್ರಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ."

"ಯಾಕೆ?"

ಇದಕ್ಕೆ ಉತ್ತರ ಹುಡುಕುತ್ತ ಅವನು ಬೆಳಗಿನ ಜಾವದಿಂದ ಎಚ್ಚರವಿದ್ದ. "ಅವರ ಮೇಲೆ ಸಿಟ್ಟು ಬಂತು," ಎಂದ. "ನಾನು ಮಾಡಿದ್ದನ್ನ ಅವರು ಬಾಯಿಬಿಟ್ಟು ಹೇಳಿದ ಹಾಗಾಯ್ತು. ಆಮೇಲೆ ಅವರು ಪಂಪು ಓಡ್ತಿರೋವಾಗಲೇ ಅಳತೆ ಬರೆಯೋದನ್ನ ಕೂತು ನೋಡಿದೆ. ಮುಂದಿನ ಹಂತಕ್ಕೆ ಹೋಗೋಕೆ ಮುಂಚೆ ನಾಲ್ಕು ನಿಮಿಷ ಇತ್ತು. ಪರೀಕ್ಷೆ ನಿಲ್ಲಿಸಿ, ತಪ್ಪು ನಂದು ಅನ್ನಬಹುದಿತ್ತು. ಅನ್ನಲಿಲ್ಲ. ಅವರು ಕಾಗದ ಬರೆದಾಗಲೂ ಅನ್ನಲಿಲ್ಲ. ಸಂಕೇತ ಕೊಟ್ಟಿಲ್ಲ ಅಂತ ಬರೆದಿದ್ದು ಸುಳ್ಳು. ಬರೆಯೋವಾಗ ಸುಳ್ಳು ಅಂತ ಗೊತ್ತಿತ್ತು."

"ಒಂದ್ನಿಮಿಷ, ಒಂದ್ನಿಮಿಷ," ಎಂದು ಡಂಕನ್ ನಡುವೆ ಬಂದ. ದನಿಯಲ್ಲಿ ಇನ್ನೂ ನಗುವಿತ್ತು. "ಇಮೊಜೆನ್, ಇವನಿಗೆ ಮನಸ್ಸು ಸರಿಯಿಲ್ಲ. ಆ ಹುಡುಗಿ ಬಗ್ಗೆ ಮರುಕ, ಅದಕ್ಕೆ ಎಲ್ಲಾ ತಲೆ ಮೇಲೆ ಹಾಕ್ಕೊಳ್ತಿದಾನೆ. ಸ್ಪ್ಯಾನರಂತೆ, ಪೈಪಂತೆ! ಅದೆಲ್ಲ ಅಜ್ಜಂದಿರ ಕಾಲದ ಕಥೆ. ಈಗಿನ ಕಾಲದಲ್ಲಿ ಎರಡು ಸಲ ಟಕ್ ಟಕ್ ಅಂದ್ರೆ ಯಾರಿಗೆ ಏನು ಅರ್ಥ ಆಗುತ್ತೆ? ನನಗಂತೂ ಏನೂ ಆಗಲ್ಲ. ಸಕ್ಕರೆ ಎಷ್ಟು?"

"ಸಕ್ಕರೆ ಬೇಡ," ಎಂದಳು ಇಮೊಜೆನ್. ಡಂಕನ್ ಅವರಿಗೆ ಬೆನ್ನು ಹಾಕಿ ಟೀಪಾಟನ್ನು ಎತ್ತಿದ. ಆಕೆ ನೆವಿಲ್‌ನ ಕಡೆ ತಿರುಗಿದಳು. "ದಾಖಲೆಗಾಗಿ ಕೇಳ್ತೀನಿ. ಯಾವುದರಿಂದ, ಹೇಗೆ ತಟ್ತಿದ್ರಿ ಅಂತ ಒಮ್ಮೆ ತೋರಿಸ್ತೀರಾ? ರೆಕಾರ್ಡಿಂಗಿನ ಸದ್ದಿನ ಜತೆ ಹೋಲಿಸಬೇಕಾಗುತ್ತೆ."

ನೆವಿಲ್ ಜೇಬಿನಿಂದ ಪೆನ್ನು ತೆಗೆದ. ನಾಚಿಕೆಯಿಂದ ಕಿವಿ ಬಿಸಿಯಾಯಿತು; ಗೊತ್ತಿದ್ದೂ ಗೊತ್ತಿದ್ದೂ ಮಾಡುವಾಗ ಅದು ಎಷ್ಟು ಸಣ್ಣ ಕೆಲಸವಾಗಿ ಕಾಣುತ್ತಿತ್ತು. ಮೇಜಿನ ಅಂಚಿಗೆ ಪೆನ್ನಿನ ತುದಿಯಿಂದ ಎರಡು ಸಲ ತಟ್ಟಿದ.

ಕಪ್ಪಿಗೆ ಟೀ ಬೀಳುತ್ತಿದ್ದ ಸದ್ದು ಕಡಿಯಿತು.

ಡಂಕನ್ ಟೀಪಾಟನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದ. ಕಪ್ಪು ಅರ್ಧ ತುಂಬಿತ್ತು. ಅವನ ಇನ್ನೊಂದು ಕೈ ಸಕ್ಕರೆ ಡಬ್ಬಿಯ ಮುಚ್ಚಳದಿಂದ ಒಂದು ಅಂಗುಲ ಮೇಲೆದ್ದು, ಬೆರಳು ಬಿಚ್ಚಿಕೊಂಡು, ಅಲ್ಲೇ ನಿಂತಿತ್ತು. ಅವನು ತನ್ನ ಕೈಯನ್ನೇ ನೋಡುತ್ತಿದ್ದ. ಅದು ಏನು ಮಾಡುತ್ತಿದೆಯೆಂದು.

ಡಂಕನ್‌ನ ಕುತ್ತಿಗೆ ಕಾಲರಿನಿಂದ ಮೇಲಕ್ಕೆ ಮೆಲ್ಲಗೆ ಕೆಂಪಾಗುತ್ತ ಹೋಯಿತು. ಇಮೊಜೆನ್ ಗೋಡೆಯ ಗಡಿಯಾರ ನೋಡಿ ಗ್ರಾಫ್ ಪುಸ್ತಕ ತೆರೆದಳು. ಪೆನ್ಸಿಲಿನಲ್ಲಿ ಒಂದು ಚುಕ್ಕೆಯಿಟ್ಟಳು.

ನೆವಿಲ್ ಪ್ಯಾಂಟಿನ ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹರಡಿದ. ಪೆನ್ನನ್ನು ಸದ್ದಾಗದ ಹಾಗೆ ಅದರ ಮೇಲೆ ಮಲಗಿಸಿದ.